ಚಪ್ಪಲಿ ಸ್ಟ್ಯಾಂಡಿಗೆ 300 ಎಂಬಿಪಿಎಸ್

ನಮ್ಮ ಮನೆಯಲ್ಲಿ ಭರ್ಜರಿ ಇಂಟರ್ನೆಟ್ ಇರುವುದು ಚಪ್ಪಲಿ ಸ್ಟ್ಯಾಂಡಿಗೆ. ವಿಜಯನಗರದ ಹಳೇ ಮನೆ, ದಪ್ಪ ಗೋಡೆ. ಫೈಬರ್ ಎಳೆಯಲು ಬಂದ ಹುಡುಗ ಬಾಗಿಲ ಪಕ್ಕದಲ್ಲೇ ನಿಂತು "ಸರ್, ವೈರ್ ಇಷ್ಟೇ ಬರೋದು" ಎಂದ. ಉಳಿದ ಐವತ್ತು ಅಡಿ ವೈರನ್ನು ಸಿಂಬಿ ಸುತ್ತಿ ಎದುರಿನ ಹೊಂಗೆ ಮರಕ್ಕೆ ನೇತುಹಾಕಿ ಹೋದ. ಅಮ್ಮನ ಹವಾಯಿ ಚಪ್ಪಲಿಯ ಮೇಲಿನ ಅಂತಸ್ತಿನಲ್ಲಿ ರೂಟರ್ ಪ್ರತಿಷ್ಠಾಪನೆಯಾಯಿತು.

ಪ್ಲಾನು '300 ಎಂಬಿಪಿಎಸ್ ವರೆಗೆ', ಅಂದರೆ ಸೆಕೆಂಡಿಗೆ 300 ಮೆಗಾಬಿಟ್ ವರೆಗೆ. ಆ 'ವರೆಗೆ' ಓದಲು ಅಪ್ಪನ ಕನ್ನಡಕ ಬೇಕಾಯಿತು. ಸೊನ್ನೆಯೂ 300ರ ವರೆಗೇ ಸೇರುತ್ತದೆ ಅಲ್ವಾ? ಸಾಲದ್ದಕ್ಕೆ ಅವರು ಅಳೆಯುವುದು ಬಿಟ್‌ನಲ್ಲಿ, ನಮ್ಮ ಫೈಲು ಇರುವುದು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 8ರಿಂದ ಭಾಗಿಸಿದರೆ ಸೆಕೆಂಡಿಗೆ 37.5 ಮೆಗಾಬೈಟ್. ತರಕಾರಿ ಗಾಡಿಯವನು ಹೀಗೆ ತೂಗಿದ್ದರೆ ಅಮ್ಮ ಬೀದಿಯಲ್ಲೇ ಪಂಚಾಯ್ತಿ ಮಾಡುತ್ತಿದ್ದರು.

ರೂಮಿನಲ್ಲಿ ಮೀಟಿಂಗಿಗೆ ಕೂತರೆ ನನ್ನ ಮುಖ ಬಾಯಿ ತೆರೆದೇ ಕಲ್ಲಾಗುತ್ತಿತ್ತು. ದೂರು ಕೊಟ್ಟೆ. ಮೂರನೇ ದಿನ ಬಂದವನು ಚಪ್ಪಲಿ ಸ್ಟ್ಯಾಂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಸ್ಪೀಡ್ ಟೆಸ್ಟ್ ಹಾಕಿದ. 294. "ನಮ್ ಕಡೆಯಿಂದ ಪಕ್ಕಾ ಇದೆ ಸರ್." ಆ ಟೆಸ್ಟಿಗೆ ಆ ಕಡೆಯಿಂದ ಉತ್ತರಿಸುವ ಕಂಪ್ಯೂಟರ್ (ಸರ್ವರ್) ಕೂಡ ಎಷ್ಟೋ ಸಲ ಅವರ ಕಂಪನಿಯದ್ದೇ ಆಗಿರುತ್ತದೆ, ಸೋದರಮಾವನೇ ಪೇಪರ್ ತಿದ್ದಿದ ಹಾಗೆ. ರೂಮಿಗೆ ಕರೆದುಕೊಂಡು ಹೋದೆ. 11.

"ಅದು ವೈಫೈ ಸರ್, ಫೈಬರ್ ಅಲ್ಲ."

ಸಂಪ್‌ಗೆ ಕಾವೇರಿ ಬಂದಿದೆ, ನಲ್ಲಿಗೆ ಬರದಿದ್ದರೆ ನಲ್ಲಿಯನ್ನೇ ಕೇಳಿ ಅನ್ನುವ ಹಾಗಿತ್ತು. ಆದರೆ ಪಾಪ, ಅವನು ಹೇಳಿದ್ದು ನಿಜ. ನಮ್ಮ ರೂಟರಿನ ವೈಫೈ ಬರುವುದು ಎರಡು ಬಗೆಯ ರೇಡಿಯೋ ಅಲೆಗಳಲ್ಲಿ. 5 ಗಿಗಾಹರ್ಟ್ಸ್ ಸಿಗ್ನಲ್ ಇಟ್ಟಿಗೆ ಗೋಡೆ ಕಂಡರೆ ಸುಸ್ತಾಗುತ್ತದೆ. 2.4 ಗೋಡೆ ದಾಟುತ್ತದೆ. ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ (ಸಿಗ್ನಲ್ ಓಡುವ ಹಾದಿ) ಇರುವುದು ಮೂರೇ: 1, 6, 11. ಅಕ್ಕಪಕ್ಕದ ಹದಿನೈದು ಮನೆಯ ರೂಟರುಗಳು ಅಲ್ಲೇ ಸಂತೆ ಹೂಡಿವೆ. ಅದೇ ಅಲೆಯಲ್ಲಿ ಗದ್ದಲ ಹಾಕಲು ಮೇಲಿನ ಮನೆಯವರ ಮೈಕ್ರೋವೇವ್ ಬೇರೆ.

ವಿಡಿಯೋ ಕಾಲಿಗೆ ನಾಲ್ಕೈದು ಎಂಬಿಪಿಎಸ್ ಧಾರಾಳ ಸಾಕು, ರೂಮಿಗೆ ಬಂದ ಆ 11 ಎಂಬಿಪಿಎಸ್‌ನಲ್ಲೇ ಆಗಬೇಕು. ಬೇಕಿರುವುದು ಕರೆದ ತಕ್ಷಣ 'ಆಂ' ಅನ್ನುವ ಗುಣ. ಆ 'ಆಂ' ಬರಲು ಹಿಡಿಯುವ ಹೊತ್ತಿನ ಹೆಸರು ಲೇಟೆನ್ಸಿ, ಕಡಿಮೆ ಇದ್ದಷ್ಟೂ ಒಳ್ಳೆಯದು. ಯಾವ ಜಾಹೀರಾತಿನಲ್ಲೂ ಅದನ್ನು ದಪ್ಪಕ್ಷರದಲ್ಲಿ ನಾನು ಕಂಡಿಲ್ಲ. ಫೈಬರಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈಗೆ ಸಾವಿರ ಕಿಲೋಮೀಟರ್ ಅಂದುಕೊಂಡರೂ ಹೋಗಿ ಬರಲು 10 ಮಿಲಿಸೆಕೆಂಡು. ನನ್ನ ರೂಮಿನಿಂದ ಚಪ್ಪಲಿ ಸ್ಟ್ಯಾಂಡಿಗೆ ಹೋಗಿ ಬರಲು 180!

ಪರಿಹಾರ ಕೇಳಿದೆ. "500ರ ಪ್ಲಾನ್ ತಗೊಳ್ಳಿ ಸರ್." ರೂಮಿಗೆ ಬರದ 300ಕ್ಕೆ ಮದ್ದು, ರೂಮಿಗೆ ಬರದ 500. ಮರದ ಮೇಲಿನ ಸಿಂಬಿ ತೋರಿಸಿ, ಅದನ್ನೇ ಒಳಗೆ ಎಳೀರಿ ಎಂದೆ. ಅದಕ್ಕೆ ಬೇರೆ ಟಿಕೆಟ್, ಅಂದರೆ ಹೊಸ ದೂರು, ರೇಸ್ ಮಾಡಬೇಕಂತೆ.

ಈಗ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡೇ ಆಫೀಸು. ಅಮ್ಮ ವಾಕಿಂಗ್ ಹೊರಟಾಗ ಮ್ಯೂಟ್ ಮಾಡಿ ಎದ್ದು ನಿಲ್ಲುತ್ತೇನೆ. ಮೊನ್ನೆ ಮ್ಯೂಟ್ ಮರೆತೆ. "ಏಳೋ, ಚಪ್ಪಲಿ ತಗೋಬೇಕು" ಎಂದದ್ದು ಇಡೀ ಟೀಮಿಗೆ ಕೇಳಿಸಿತು. ಒಂದಕ್ಷರವೂ ಒಡೆಯಲಿಲ್ಲ.