ಕ್ರೀಡಾಂಗಣ ಉದ್ಧಾರಕ್ಕೆ ನನ್ನದೊಂದು ಡಿಪಿಆರ್

ಊರಿನ ನಡುಮಧ್ಯೆ ಇಷ್ಟು ದೊಡ್ಡ ಜಾಗ ಸುಮ್ನೆ ಬಿದ್ದಿದ್ದರೆ ಯಾವ ಸರ್ಕಾರಕ್ಕಾದರೂ ನಿದ್ದೆ ಬರುತ್ತಾ? ಶಿವಮೊಗ್ಗದ ನೆಹರೂ ಕ್ರೀಡಾಂಗಣದ ಮಾತು ಹೇಳುತ್ತಿದ್ದೇನೆ. ಬೆಳಿಗ್ಗೆ ಹೋದರೆ ಒಂದಷ್ಟು ಹುಡುಗರು ಓಡುತ್ತಿರುತ್ತಾರೆ. ಸಕ್ಕರೆ ಕಾಯಿಲೆಯವರು ನಡೆಯುತ್ತಿರುತ್ತಾರೆ. ಇಬ್ಬರಿಂದಲೂ ಬಾಡಿಗೆ ಹುಟ್ಟುವುದಿಲ್ಲ. ಗಾಂಧಿ ಬಜಾರಿನಲ್ಲಿ ಬೈಕ್ ನಿಲ್ಲಿಸಲು ಜಾಗ ಸಿಗದ ಊರಲ್ಲಿ ಇದು ಅನ್ಯಾಯ ಅಲ್ವಾ?

ಅದಕ್ಕೇ ಯಾರೂ ಕೇಳದಿದ್ದರೂ ನಾನೇ ಒಂದು ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಬರೆದಿದ್ದೇನೆ. ಸರ್ಕಾರ ಬೆಂಬಲ ಕೊಟ್ಟರೆ ಸಾಕು, ದುಡ್ಡಿಗೆ ಅವಸರವಿಲ್ಲ. ಬೆಂಬಲ ಘೋಷಿಸಿದ ದಿನ ಒಂದು ಫ್ಲೆಕ್ಸ್, ತಾತ್ವಿಕ ಒಪ್ಪಿಗೆ ಸಿಕ್ಕ ದಿನ ಇನ್ನೊಂದು, ಗುದ್ದಲಿ ಪೂಜೆಗೆ ದೊಡ್ಡದು. ಮಧ್ಯೆ ಸರ್ಕಾರ ಬದಲಾದರೆ ಮತ್ತೆ ಮೊದಲಿನಿಂದ. ಒಂದೇ ಕ್ರೀಡಾಂಗಣಕ್ಕೆ ಎರಡೆರಡು ಸಲ ಗುದ್ದಲಿ ಬಿದ್ದರೆ ಅಡಿಪಾಯ ಗಟ್ಟಿಯಾಗುತ್ತದೆ ಎನ್ನುವುದು ನನ್ನ ತಾಂತ್ರಿಕ ಅಭಿಪ್ರಾಯ.

ಮೊದಲು ಆಕಾರ ನಿಶ್ಚಯ ಮಾಡಬೇಕು. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣ ಕಮಲದ ಆಕಾರದಲ್ಲಿದೆ. ಅದು ಬಿಜೆಪಿಯ ಚಿಹ್ನೆ ಅಂತ ಆಗ ಎದ್ದ ಗಲಾಟೆ ನೆನಪಿದೆಯಲ್ಲ? ಆದ್ದರಿಂದ ಕ್ರೀಡಾಂಗಣ ಅಡಿಕೆಯ ಆಕಾರದಲ್ಲಿರಲಿ. ಅಡಿಕೆಗೆ ಪಕ್ಷವಿಲ್ಲ, ಎಲ್ಲ ಪಕ್ಷದವರೂ ಜಗಿಯುತ್ತಾರೆ. ಗ್ಯಾಲರಿಗಳಿಗೂ ನಮ್ಮ ಮಂಡಿಯಲ್ಲಿ ಅಡಿಕೆಯ ದರ್ಜೆಗಳಿಗಿರುವ ಹೆಸರೇ ಇಡೋಣ. ಮಂತ್ರಿಗಳು ಕೂರುವ, ಏಸಿ ಇರುವ ಜಾಗ ‘ಸರಕು’. ಗುತ್ತಿಗೆದಾರರು ಮತ್ತು ಅವರ ಮನೆಯವರಿಗೆ ‘ಬೆಟ್ಟೆ’. ಪಾಸ್ ತಂದವರಿಗೆ ‘ರಾಶಿ’. ಟಿಕೆಟ್ ತೆಗೆದುಕೊಂಡ ಬಡಪಾಯಿ ಜನರಿಗೆ ಚಾವಣಿಯಿಲ್ಲದ ‘ಗೊರಬಲು’. ದರಪಟ್ಟಿ ಯಾರಿಗೂ ವಿವರಿಸಬೇಕಿಲ್ಲ, ಅಡಿಕೆ ಮಾರಿದ ಜಿಲ್ಲೆ ಇದು.

ಚಾವಣಿ ಅಂದಾಗ ಮಳೆ ನೆನಪಾಯಿತು. ನಕ್ಷೆಯನ್ನು ದಯವಿಟ್ಟು ದೂರದ ಊರಿನಲ್ಲೇ ಬರೆಸಬೇಕು. ಇಲ್ಲಿನವರಿಗೆ ಕೊಟ್ಟರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಇಲ್ಲಿ ಅಷ್ಟಿಲ್ಲದಿದ್ದರೂ ನೀರು ಹೋಗಲು ದಾರಿ ಬೇಡವಾ ಅಂತ ಚರಂಡಿಯ ರಗಳೆ ತೆಗೆಯುತ್ತಾರೆ. ಕಂಪ್ಯೂಟರಿನಲ್ಲಿ ಬರೆದ ಚಿತ್ರದಲ್ಲಿ ಯಾವತ್ತೂ ಬಿಸಿಲು. ಹುಲ್ಲು ಹಸಿರು, ಆಕಾಶ ನೀಲಿ, ಓಡಾಡುವವರೆಲ್ಲ ಬೆಳ್ಳಗೆ. ಹಾಗೇ ಇರಲಿ. ಕೆಲಸವನ್ನು ಸಂಪ್ರದಾಯದಂತೆ ಜೂನ್ ಮೊದಲ ವಾರ ಅಗೆಯಲು ಶುರು ಮಾಡಬೇಕು. ಮಳೆಗಾಲ ಮುಗಿಯುವಷ್ಟರಲ್ಲಿ ಈಜುಕೊಳವೂ ತಾನಾಗಿ ಸಿದ್ಧವಾಗಿರುತ್ತದೆ, ಅದಕ್ಕೆ ಬೇರೆ ಟೆಂಡರ್ ಬೇಕಿಲ್ಲ.

ಅಗೆಯುವುದರಲ್ಲಿ ನಮಗೆ ಅನುಭವ ಕಡಿಮೆಯೇನಲ್ಲ. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2025ರ ಮಾರ್ಚ್ ಕೊನೆಗೆ ಆ ಯೋಜನೆಯೇ ಮುಗಿಯಿತು. ನಡುವೆ ನಾವು ದಾಟದ ಗುಂಡಿಯಿಲ್ಲ. ಹಾಗೆ ನೋಡಿದರೆ ಉದ್ದ ಜಿಗಿತದ ತರಬೇತಿ ಊರಿಗೆಲ್ಲ ಉಚಿತವಾಗಿ ಸಿಕ್ಕಿದೆ.

ಇನ್ನು ಹೊರಗಿನ ಗೋಡೆ. ಸುತ್ತಲೂ ಅಂಗಡಿ ಮಳಿಗೆಗಳು ಬರಬೇಕು. ಮೊಬೈಲ್, ಬಟ್ಟೆ, ಬೇಕರಿ, ಮೇಲೆ ಒಂದು ಕಲ್ಯಾಣ ಮಂಟಪ. ಕೆಳಗೆ ಪಾರ್ಕಿಂಗ್. ಇಷ್ಟೆಲ್ಲ ಹಾಕಿ ಅಳೆದಾಗ 400 ಮೀಟರಿನ ಟ್ರ್ಯಾಕ್ ಕೂರುತ್ತಿಲ್ಲ. ಹೀಗಾಗಿ ನಾನು 310 ಮೀಟರ್ ಮಾಡಿದ್ದೇನೆ. ಹುಡುಗರು ಬೇಗ ಗುರಿ ಮುಟ್ಟುತ್ತಾರೆ, ಜಿಲ್ಲೆಗೆ ದಾಖಲೆ ಬರುತ್ತದೆ. ಚಕ್ರ, ಈಟಿ, ಗುಂಡು ಎಸೆಯುವವರನ್ನು ಪೂರ್ತಿ ಕೈಬಿಟ್ಟಿದ್ದೇನೆ. ಬೇಕರಿಯ ಗಾಜು ಒಡೆದರೆ ಯಾರು ಹೊಣೆ?

ಇದು ಅತಿಯಾಯಿತು ಅನ್ನುವವರು ದೆಹಲಿ ಕಡೆ ನೋಡಲಿ. ಅಲ್ಲಿನ ತ್ಯಾಗರಾಜ ಕ್ರೀಡಾಂಗಣದಲ್ಲಿ ಐಎಎಸ್ ಅಧಿಕಾರಿಯೊಬ್ಬರ ನಾಯಿ ವಾಕಿಂಗ್‌ಗಾಗಿ ತಮ್ಮನ್ನು ಸಂಜೆ ಬೇಗ ಹೊರಗೆ ಕಳಿಸುತ್ತಾರೆ ಅಂತ 2022ರಲ್ಲಿ ಕ್ರೀಡಾಪಟುಗಳು ದೂರಿದ್ದರು. ಪತ್ರಿಕೆಯಲ್ಲಿ ಬಂದ ದಿನವೇ ಅಧಿಕಾರಿ ಲಡಾಖ್‌ಗೆ ವರ್ಗವಾದರು. ನಾಯಿ ಎಲ್ಲಿಗೆ ಹೋಯಿತೋ ಯಾರೂ ಬರೆಯಲಿಲ್ಲ. ನನ್ನ ನಕ್ಷೆಯಲ್ಲಿ ನಾಯಿಗೇ ಪ್ರತ್ಯೇಕ ಲೇನ್ ಇದೆ, ಒಂದನೇ ನಂಬರಿನದು. ಯಾರನ್ನೂ ವರ್ಗ ಮಾಡುವ ಪ್ರಮೇಯವೇ ಬರುವುದಿಲ್ಲ.

ನೆಹರೂ ಹೆಸರಿನದೇ ಇನ್ನೊಂದು ಕ್ರೀಡಾಂಗಣವೂ ದೆಹಲಿಯಲ್ಲಿದೆ. 1982ರ ಏಷ್ಯನ್ ಗೇಮ್ಸ್‌ಗೆ ಕಟ್ಟಿದ್ದು. 2010ರ ಕಾಮನ್‌ವೆಲ್ತ್ ಗೇಮ್ಸ್‌ಗೆ ನೂರಾರು ಕೋಟಿ ಸುರಿದು ಹೊಸದು ಮಾಡಿದರು. 2025ರಲ್ಲಿ ಅದನ್ನು ಕೆಡವಿ ಕ್ರೀಡಾ ನಗರ ಕಟ್ಟುವ ಮಾತು ಕೇಂದ್ರದಿಂದ ಬಂತು. ಕಟ್ಟು, ಕೆಡವು, ಕಟ್ಟು. ಆಟ ಅಂದರೆ ಇದು. ಇದರಲ್ಲಿ ಸೋತ ಗುತ್ತಿಗೆದಾರರನ್ನು ನಾನಂತೂ ಕಂಡಿಲ್ಲ.

ಬಯಲನ್ನು ಬಯಲಾಗಿ ಬಿಡಿ ಅನ್ನುವ ಒಬ್ಬರು ಹಿರಿಯ ಕೋಚ್ ನನ್ನ ಡಿಪಿಆರ್ ಓದಿದರು. ‘ನೀರು ಹೋಗೋ ಚರಂಡಿ, ಹೆಣ್ಣುಮಕ್ಕಳಿಗೆ ಬಾಗಿಲಿರೋ ಶೌಚಾಲಯ, ಟ್ರ್ಯಾಕಿಗೆ ರಿಪೇರಿ, ಒಬ್ಬ ಕಾಯಂ ಮಾಲಿ. ಇಷ್ಟು ಮಾಡ್ಸಿ ಮಾರಾಯ್ರೆ’ ಅಂದರು. ಎಂಥ ಸಣ್ಣ ಯೋಚನೆ ನೋಡಿ. ಶೌಚಾಲಯದ ಬಾಗಿಲಿಗೆ ಯಾವ ಮಂತ್ರಿ ರಿಬ್ಬನ್ ಕತ್ತರಿಸಲು ಬರುತ್ತಾರೆ? ಬಯಲಿನ ಮಾತಾಡಿದ ಅಲ್ಲಮಪ್ರಭು ನಮ್ಮ ಜಿಲ್ಲೆಯ ಬಳ್ಳಿಗಾವಿಯವನೇ ನಿಜ. ಅವನಿಗೂ ನಾವು ಬಾಕಿ ಉಳಿಸಿಕೊಂಡಿಲ್ಲ, ಹಳೇ ಜೈಲಿನ ಜಾಗದ ಫ್ರೀಡಂ ಪಾರ್ಕಿಗೆ ಅವನ ಹೆಸರಿಟ್ಟಾಗಿದೆ. ಲೆಕ್ಕ ಚುಕ್ತಾ.

ಕೆಲಸ ಮುಗಿಯುವತನಕ ಹುಡುಗರು ಎಲ್ಲಿ ಓಡಬೇಕು ಅಂತಲೂ ಕೋಚ್ ಕೇಳಿದರು. ಸೋಗಾನೆಯ ರನ್‌ವೇ ಮೂರು ಕಿಲೋಮೀಟರಿಗೂ ಉದ್ದವಿದೆ, ವಿಮಾನ ಬಾರದ ಹೊತ್ತಿನಲ್ಲಿ ಖಾಲಿಯೇ ತಾನೇ ಅಂದೆ. ಅವರು ಎದ್ದು ಹೋದರು.

ನನ್ನ ಶುಲ್ಕ ಯೋಜನಾ ವೆಚ್ಚದ ಶೇಕಡಾ ಎರಡು. ನಗದು ಕಷ್ಟವಾದರೆ ಒಂದು ಮಳಿಗೆ ಕೊಟ್ಟರೂ ಆದೀತು. ರಸ್ತೆ ಕಡೆ ಮುಖ ಇರಲಿ, ಮೈದಾನದ ಕಡೆಯದು ಬೇಡ. ಅಲ್ಲಿ ವ್ಯಾಪಾರ ಆಗುವುದಿಲ್ಲ.