ಹೆಸರಿಗೆ ಜಾಗ ಬಿಡಿ

ಮುಂಬಯಿಯ ಮಾಟುಂಗಾ ಕಡೆಯ ಕನ್ನಡ ಸಂಘವೊಂದರ ಮೆಟ್ಟಿಲ ಬಳಿ ಕರಿಹಲಗೆಯೊಂದು ತೂಗುತ್ತದೆ. ‘ಸಿಟ್ಟು ಎಂದರೆ ಇನ್ನೊಬ್ಬರಿಗೆ ಎಸೆಯಲೆಂದು ನಾವೇ ಕೈಯಲ್ಲಿ ಹಿಡಿದ ಕೆಂಡ’ ಎಂಬ ಮಾತು ಚೌತಿಗೆ ಮೊದಲು ಅಲ್ಲಿ ಬುದ್ಧನ ಹೆಸರಲ್ಲಿತ್ತು. ಚೌತಿ ಕಳೆದ ಮೇಲೆ ವಿವೇಕಾನಂದರ ಹೆಸರಲ್ಲಿ ಬಂತು. ಮಾತು ಅದೇ, ಬಳಪ ಅದೇ, ಕೈಬರಹವೂ ಅದೇ. ಕೇಳಿದರೆ ಕಾರ್ಯದರ್ಶಿಗಳ ಉತ್ತರ ಸಿದ್ಧ: “ಯಾರು ಹೇಳಿದರೇನು ಮಾರಾಯ್ರೆ, ಮಾತು ಒಳ್ಳೇದುಂಟಲ್ಲ?” ಹಾಗಾದರೆ ಹೆಸರು ಬರೆಯುವುದು ಯಾಕೆ? ಸಂಘದ ಚೆಕ್ಕಿಗೂ ಯಾರು ಸಹಿ ಹಾಕಿದರೇನು, ಮೊತ್ತ ಒಳ್ಳೇದಿದ್ದರೆ ಆಯಿತಲ್ಲ?

ಆ ಕೆಂಡದ ಮೂಲ ಹುಡುಕುವುದು ಕಷ್ಟವೇನಲ್ಲ. ಬುದ್ಧ ತೀರಿಕೊಂಡು ಎಷ್ಟೋ ಶತಮಾನಗಳಾದ ಮೇಲೆ, ಕ್ರಿ.ಶ. 5ನೆಯ ಶತಮಾನದಲ್ಲಿ, ಬೌದ್ಧ ಪಂಡಿತ ಬುದ್ಧಘೋಷ ಬರೆದ ‘ವಿಶುದ್ಧಿಮಗ್ಗ’ದ 9ನೆಯ ಅಧ್ಯಾಯದಲ್ಲಿ ಅದಿದೆ. ಇನ್ನೊಬ್ಬನಿಗೆ ಹೊಡೆಯಲು ಉರಿಯುವ ಕೆಂಡವನ್ನೋ ಮಲವನ್ನೋ ಕೈಗೆತ್ತಿಕೊಂಡವನು ಮೊದಲು ತಾನೇ ಸುಟ್ಟುಕೊಳ್ಳುತ್ತಾನೆ, ಇಲ್ಲವೇ ತಾನೇ ನಾರುತ್ತಾನೆ ಎಂದು ಆತ ಹೇಳುವುದು. ಕೆಂಡವೊಂದೇ ಹಲಗೆಯವರೆಗೆ ಬಂತು, ಇನ್ನೊಂದನ್ನು ದಾರಿಯಲ್ಲೇ ಯಾರೋ ಬಿಟ್ಟರು. ನನ್ನ ಮಟ್ಟಿಗೆ ಬಿಟ್ಟದ್ದೇ ಹೆಚ್ಚು ಸರಿಯಾದ ಉಪಮೆ. ಸುಟ್ಟ ಕೈಯನ್ನು ಜೇಬಿನಲ್ಲಿಟ್ಟು ಮರೆಸಬಹುದು. ಸಿಟ್ಟಿನವನು ಹತ್ತಿದ ಲೋಕಲ್ ರೈಲಿನ ಡಬ್ಬಿಯಲ್ಲಿ ಕುರ್ಲಾದಿಂದ ಠಾಣೆಯವರೆಗೆ ನಿಂತು ಹೋದವರಿಗೆ ನಾರುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಲೋಕದ ಬುದ್ಧಿಮಾತೆಲ್ಲ ಏಳೆಂಟು ಮಂದಿಯ ಬಾಯಿಂದಲೇ ಹೇಗೆ ಬಂತು ಎಂಬುದು ನಿಜವಾದ ಪ್ರಶ್ನೆ. ಅದಕ್ಕೊಂದು ಕಾರಣ ಹೊಳೆದಿದೆ, ಮುಂದೆ ಹೇಳುತ್ತೇನೆ. ಮೊದಲು ಹಲಗೆ.

ಮೂರಡಿ ಎತ್ತರ, ನಾಲ್ಕಡಿ ಅಗಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಪೂರ್ತಿ ಒಣಗಲು ಬಿಡಬೇಕು. ಹಸಿಯಲ್ಲಿ ಬರೆದರೆ ಗೆರೆ ಮಸುಕಾಗಿ ಕಾಣುತ್ತದೆ, ಬರೆಯುವವನು ಒತ್ತುತ್ತಾನೆ, ಒಣಗಿದ ಮೇಲೆ ಅದೇ ಗೆರೆ ದಪ್ಪ ಬಿಳಿಯಾಗಿ ಕಚ್ಚಿಕೊಂಡು ಮರುದಿನ ಡಸ್ಟರಿಗೆ ಜಗ್ಗುವುದಿಲ್ಲ. ಮುಂಬಯಿಯ ಮಳೆಗಾಲದಲ್ಲಿ ಕೆಲವು ಹಲಗೆಗಳ ಮೇಲೆ ನಿನ್ನೆಯ ಚಾಣಕ್ಯನ ಮೇಲೆ ಇಂದಿನ ಬಸವಣ್ಣ ಕೂತಿರುವುದು ಹೀಗಾಗಿಯೇ. ಹೊಸ ಬಳಪವನ್ನು ಎರಡಾಗಿ ಮುರಿದು ಓರೆಯಾಗಿ ಹಿಡಿಯಬೇಕು, ಉದ್ದಕ್ಕೆ ನೆಟ್ಟಗೆ ಹಿಡಿದರೆ ಕಿರ್ರೆನ್ನುತ್ತದೆ. ಮೆಟ್ಟಿಲಿಳಿಯುವವರಿಗೆ ಕಾಣಬೇಕಾದರೆ ಅಕ್ಷರ ಎರಡು ಅಂಗುಲವಾದರೂ ಇರಬೇಕು. ಕನ್ನಡವಾದ್ದರಿಂದ ಅದರ ಕೆಳಗೆ ಇನ್ನೆರಡು ಅಂಗುಲ ಒತ್ತಿಗೆ ಬಿಡಬೇಕು. ‘ರಾಷ್ಟ್ರ’ ಬಂದರೆ ಒಂದರ ಕೆಳಗೆ ಇನ್ನೊಂದು ಒತ್ತು. ಪಕ್ಕದ ಸೊಸೈಟಿಯ ಮರಾಠಿ ಫಲಕಕ್ಕೆ ಈ ತಾಪತ್ರಯ ಕಡಿಮೆ. ಮೇಲೆ ತಾರೀಖು, ‘ಇಂದಿನ ಸುವಿಚಾರ’, ಸುತ್ತ ಅಂಚು, ಹಬ್ಬವಿದ್ದರೆ ಬಣ್ಣದ ಬಳ್ಳಿ, ಎಲ್ಲ ಕಳೆದರೆ ಐದು ಸಾಲು ಉಳಿಯುತ್ತದೆ. ಐದು ಸಾಲಿಗೆ ಹಿಡಿಯುವುದು ಹದಿನೈದು ಪದ, ಬಲವಂತ ಮಾಡಿದರೆ ಹದಿನೇಳು. ಆರನೆಯ ಸಾಲು ಹೆಸರಿಗೆ. ಅನುಭವವಿಲ್ಲದವರು ಮಾತಿನಿಂದ ಶುರುಮಾಡಿ ಕೊನೆಗೆ ಹೆಸರನ್ನು ಮೂಲೆಗೆ ತುರುಕುತ್ತಾರೆ. ಬಲ್ಲವರು ಮೊದಲು ಬಲಗಡೆ ಕೆಳಗೆ ಹೆಸರು ಬರೆದು, ಆಮೇಲೆ ಮಾತಿಗೆ ಹೋಗುತ್ತಾರೆ.

ಅನಾಹುತ ಆಗುವುದು ಅಲ್ಲೇ. ಹೆಸರು ಮೊದಲು ಕೂತಿರುತ್ತದೆ, ಮಾತು ಜಾಗಕ್ಕೆ ತಕ್ಕಂತೆ ಸಣ್ಣದಾಗಬೇಕು. ‘ಕಾಯಕವೇ ಕೈಲಾಸ’ವನ್ನೇ ನೋಡಿ. ಅದರ ಕೆಳಗೆ ಬಸವಣ್ಣ ಎಂದು ಬರೆಯದ ಕೈಯನ್ನು ಮುಂಬಯಿಯಲ್ಲಿ ಕಾಣುವುದು ಅಪರೂಪ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತರೂ ಹಂಗು ಹರಿಯಬೇಕು ಎಂದು ಮೊದಲಾಗುವ ಖಾರವಾದ ವಚನ ಅದು. ಅಮರೇಶ್ವರಲಿಂಗವೆಂಬ ಅಂಕಿತವೂ ಕೊನೆಯಲ್ಲೇ ಇದೆ. ಪೂರ್ತಿ ಬರೆದರೆ ಹಲಗೆ ಸಾಲದು. ಖಾರ ಬಿಟ್ಟು ಎರಡು ಪದ ಉಳಿಸಿಕೊಂಡರು, ಅಂಕಿತ ಉದುರಿತು, ಸಹಿಯಿಲ್ಲದ ಮಾತಿಗೆ ದೊಡ್ಡ ಸಹಿ ಬಂದು ಕೂತಿತು. ಗುರುಗಳು ಬಂದರೆ ಎದ್ದು ನಿಂತು ನಮಸ್ಕರಿಸಬೇಕಾದ ಪದಾಧಿಕಾರಿಗಳಿಗೂ ಇದರಿಂದ ಅನುಕೂಲವೇ ಆಯಿತು.

‘ಕೆಲವಂ ಬಲ್ಲವರಿಂದ ಕಲ್ತು’ ಎಂಬ ಪದ್ಯವಂತೂ ಸರ್ವಜ್ಞನದಾಗಿಬಿಟ್ಟಿದೆ, ಅದರಲ್ಲಿ ‘ಸರ್ವಜ್ಞನಪ್ಪಂ ನರಂ’ ಎಂದಿರುವ ಒಂದೇ ತಪ್ಪಿಗೆ. ಸಾಲು ಎಣಿಸಿದರೆ ಸಾಕು. ಸರ್ವಜ್ಞನದು ತ್ರಿಪದಿ, ಮೂರು ಸಾಲು. ಇದು ನಾಲ್ಕು ಸಾಲಿನ ವೃತ್ತ, ‘ಹರಹರಾ ಶ್ರೀ ಚೆನ್ನಸೋಮೇಶ್ವರಾ’ ಎಂದು ಮುಗಿಯುವ ಸೋಮೇಶ್ವರ ಶತಕದ್ದು. ಹಲಗೆಯಲ್ಲಿ ನಾಲ್ಕನೆಯ ಸಾಲಿಗೆ ಜಾಗ ಸಾಲದೆ ಬಿಡುತ್ತಾರೆ, ಆಗ ಉಳಿಯುವುದು ಮೂರೇ ಸಾಲು!

ಇವೆಲ್ಲ ಹೋಗಲಿ. ಮುಂಬಯಿಯಲ್ಲಿ ನಿಜವಾಗಿ ತಲೆ ಕೆಡಿಸುವುದು ಹೋಟೆಲಿನ ಗಲ್ಲಾದ ಹಿಂದಿನ ಫಲಕ. ಉಡುಪಿ ಕೃಷ್ಣ, ಹೋಟೆಲು ತೆರೆದ ಅಜ್ಜನ ಫೋಟೋ, ಅವೆರಡರ ನಡುವೆ ಗಾಜು ಹಾಕಿದ ಗಾಂಧೀಜಿ: ‘ನಮ್ಮಲ್ಲಿಗೆ ಬರುವವರಲ್ಲಿ ಗಿರಾಕಿಯೇ ಅತಿ ಮುಖ್ಯ. ಅವನು ನಮ್ಮನ್ನು ನಂಬಿಕೊಂಡಿಲ್ಲ, ನಾವು ಅವನನ್ನು ನಂಬಿಕೊಂಡಿದ್ದೇವೆ...’ ಬ್ಯಾಂಕುಗಳಲ್ಲೂ ಇದೇ ಇದೆ, ಕೆಲವು ಕಡೆ ‘ದಕ್ಷಿಣ ಆಫ್ರಿಕಾದ ಭಾಷಣ, 1890’ ಎಂಬ ಷರಾ ಸಮೇತ. ಸುಳ್ಳು ಹೇಳುವವರು ಇಸವಿ ಹೇಳಬಾರದು. ಗಾಂಧಿ ಈ ಮುಂಬಯಿಯಿಂದಲೇ 1888ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹಡಗು ಹತ್ತಿದವರು, ಬ್ಯಾರಿಸ್ಟರಾದದ್ದು 1891ರ ಜೂನಿನಲ್ಲಿ. ದಕ್ಷಿಣ ಆಫ್ರಿಕಾ ಕಂಡದ್ದು 1893ರಲ್ಲಿ. 1890ರಲ್ಲಿ ಅವರು ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಕೂತಿದ್ದರು. ಅಂದರೆ ಹೋಟೆಲಿನ ವಿಚಾರದಲ್ಲಿ ಅವರು ಆಗ ಇದ್ದದ್ದು ಮೇಜಿನ ಕಡೆ, ಗಲ್ಲಾದ ಕಡೆಯಲ್ಲ. ಹೋದ ಹೊಸದರಲ್ಲಿ ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು, ಅಗ್ಗದ ಹೋಟೆಲು ಹೊಕ್ಕು ಬರೀ ಬ್ರೆಡ್ಡು ತಿಂದು ತೃಪ್ತಿಯಾಗದೆ ಎದ್ದುಬರುತ್ತಿದ್ದ ಗಿರಾಕಿ. ಕೊನೆಗೆ ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಒಂದು ಸಸ್ಯಾಹಾರಿ ಹೋಟೆಲು ಸಿಕ್ಕಿತು. ಬಾಗಿಲ ಬಳಿ ಗಾಜಿನ ಹಿಂದೆ ಪುಸ್ತಕ ಮಾರಾಟಕ್ಕಿಟ್ಟಿದ್ದರು. ಹೆನ್ರಿ ಸಾಲ್ಟ್ ಸಸ್ಯಾಹಾರದ ಪರವಾಗಿ ಬರೆದದ್ದನ್ನು ಒಂದು ಶಿಲ್ಲಿಂಗಿಗೆ ಕೊಂಡು, ಒಳಗೆ ಹೋಗಿ, ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆತುಂಬ ಉಂಡರು. ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಉಡುಪಿ ಹೋಟೆಲಿನ ಗೋಡೆಗೆ ಇದಕ್ಕಿಂತ ಹೊಂದುವ ಗಾಂಧಿ ಪ್ರಸಂಗ ಎಲ್ಲಿ ಸಿಕ್ಕೀತು? ಅದನ್ನು ಯಾರೂ ತೂಗುಹಾಕುವುದಿಲ್ಲ.

ತೂಗುಹಾಕುವ ಮಾತು 1941ರಲ್ಲಿ ಅಮೆರಿಕದ ಒಂದು ಜಾಹೀರಾತು ವ್ಯಾಪಾರದ ಪತ್ರಿಕೆಯಲ್ಲಿ, ಸ್ಟೂಡಿಬೇಕರ್ ಮೋಟಾರು ಕಂಪನಿಯ ಮಾರಾಟ ವಿಭಾಗದ ಉಪಾಧ್ಯಕ್ಷ ಕೆನೆತ್ ಎಲಿಯಟ್ ಹೆಸರಲ್ಲಿ ಅಚ್ಚಾಗಿತ್ತು. ಕಾರು ಮಾರುವವನ ಮಾತು. ಅವನ ಫೋಟೋಗೆ ಬೆಳಿಗ್ಗೆ ಊದಿನಕಡ್ಡಿ ಹಚ್ಚಲು ಯಾವ ಅಣ್ಣನ ಕೈ ಏಳುತ್ತದೆ? ಅಂತೂ ಅದೇ ಫಲಕದ ಕೆಳಗೆ ಭಾನುವಾರ ಬೆಳಿಗ್ಗೆ ಅತಿ ಮುಖ್ಯನಾದ ಗಿರಾಕಿ ಅರ್ಧ ತಿಂದ ಇಡ್ಲಿಯ ಮುಂದೆ ಕೂತಿದ್ದರೆ, ಮುಂದಿನ ಅತಿ ಮುಖ್ಯನು ಅವನ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾನೆ. ಕಾಫಿ ಬರುವ ಮೊದಲೇ ಬಿಲ್ಲು ಬಂದಿರುತ್ತದೆ.

ಹುಡುಕಬೇಕೆನ್ನುವವರಿಗೆ ದೂರವೂ ಇಲ್ಲ. ಗಾಮದೇವಿಯ ಲಬರ್ನಮ್ ರಸ್ತೆಯಲ್ಲಿ ಮಣಿ ಭವನ, 1917ರಿಂದ 1934ರವರೆಗೆ ಗಾಂಧಿ ಮುಂಬಯಿಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಮನೆ, ಈಗ ಕೆಳಗೆ ಗ್ರಂಥಾಲಯ. ಅವರ ಸಮಗ್ರ ಕೃತಿಗಳು ಇಂಗ್ಲಿಷಿನಲ್ಲಿ 100 ಸಂಪುಟ, ಇಸವಿಯ ಕ್ರಮದಲ್ಲಿವೆ. ಕೊನೆಯವು ಸೂಚಿ ಮತ್ತು ಮುನ್ನುಡಿಗಳು. ಮಾತಿಗೆ ಇಸವಿ ಇದ್ದರೆ ನೇರ ಆ ಸಂಪುಟ ತೆಗೆಯಬಹುದು, ಇಲ್ಲದಿದ್ದರೆ ವಿಷಯಸೂಚಿಯಿಂದ ಬರಬೇಕು. ಒಂದು ಎಚ್ಚರಿಕೆ: ವಿದ್ಯುನ್ಮಾನ ಆವೃತ್ತಿ 98 ಸಂಪುಟದ್ದು, ಮುದ್ರಿತ ಆವೃತ್ತಿಯ ಪುಟಸಂಖ್ಯೆ ಅದಕ್ಕೆ ಹೊಂದುವುದಿಲ್ಲ. ಇದನ್ನರಿಯದೆ ‘ಇಲ್ಲವೇ ಇಲ್ಲ’ ಎಂದು ಹಟ ಹಿಡಿದವರಿದ್ದಾರೆ. ‘ಜಗತ್ತಿನಲ್ಲಿ ಕಾಣಬಯಸುವ ಬದಲಾವಣೆ ನೀವೇ ಆಗಿ’ ಎಂಬುದನ್ನು ಹೀಗೆ ಹುಡುಕಿದರೆ ಆ ರೂಪದಲ್ಲಿ ಸಿಗುವುದಿಲ್ಲ. ಹತ್ತಿರದ್ದು ಸಿಗುತ್ತದೆ: ನಾವು ಬದಲಾದರೆ ಲೋಕದ ಪ್ರವೃತ್ತಿಗಳೂ ಬದಲಾಗುತ್ತವೆ ಎಂಬರ್ಥದ ಸಾಲುಗಳು, 1913ರ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ, ಆರೋಗ್ಯದ ಲೇಖನಮಾಲೆಯ ಹಾವು ಕಡಿತದ ಕಂತಿನಲ್ಲಿ. ಹೌದು, ಹಾವು ಕಡಿತ. ಹಾವನ್ನು ಎಲ್ಲಿ ಬಿಟ್ಟರೆಂದು ಕೇಳಬೇಡಿ, ಬುದ್ಧಘೋಷನ ಮಲ ಹೋದ ದಾರಿಯಲ್ಲೇ ಅದೂ ಹೋಗಿದೆ.

ಬದುಕಿದ್ದವರಿಗೂ ತಪ್ಪಲಿಲ್ಲ. ಆರ್ಥಿಕತೆಯ ಬಗ್ಗೆ ತಮ್ಮ ಹೆಸರಲ್ಲಿ ಹರಿದಾಡುತ್ತಿದ್ದ ಬರಹವನ್ನು ತಾನು ಹೇಳಿಯೂ ಇಲ್ಲ, ಬರೆದೂ ಇಲ್ಲ ಎಂದು 2020ರ ಏಪ್ರಿಲಿನಲ್ಲಿ ರತನ್ ಟಾಟಾ ತಾವೇ ಹೇಳಬೇಕಾಯಿತು. ಐನ್‌ಸ್ಟೈನ್ ತೀರಿಕೊಂಡದ್ದು 1955ರಲ್ಲಿ. ಅವರಿಗೆ ಆ ಅನುಕೂಲವಿಲ್ಲ.

ಈಗ ಆ ಕಾರಣ. ಹೆಸರು ಕೂರುವುದು ಆರನೆಯ ಸಾಲಿನಲ್ಲಿ, ಅದರ ಕೆಳಗೆ ಮರದ ಚೌಕಟ್ಟು. ಒತ್ತಿಗೆ ಜಾಗವಿಲ್ಲ. ಆದ್ದರಿಂದ ಹಲಗೆಗೆ ಬೇಕಾದದ್ದು ಒತ್ತಕ್ಷರವಿಲ್ಲದ ಮಹಾಪುರುಷರು. ಗಾಂಧೀಜಿ, ವಿವೇಕಾನಂದ, ಕಲಾಂ, ರತನ್ ಟಾಟಾ: ಒಂದಕ್ಕೂ ಒತ್ತಿಲ್ಲ. ಆಯ್ದಕ್ಕಿ ಮಾರಯ್ಯನಿಗೆ ಮೂರು, ಬುದ್ಧಘೋಷನಿಗೆ ಒಂದು, ಚೆನ್ನಸೋಮೇಶ್ವರನಿಗೆ ಎರಡು, ಅವರೆಲ್ಲ ಚೌಕಟ್ಟಿಗೆ ಬಡಿದು ಹಿಂದೆ ಹೋದರು. ಕಾರ್ಯದರ್ಶಿಗಳ ಮುಂದೆ ಇದನ್ನು ಇಟ್ಟರೆ ಅವರು ಬಳಪ ಕೆಳಗಿಡದೆಯೇ ಕೇಳುತ್ತಾರೆ: “ಹಾಗಾದರೆ ಬಸವಣ್ಣ? ಬುದ್ಧ? ಸರ್ವಜ್ಞ?”