ವಯಸ್ಸು ಕೇಳಿದವರು ಹೆಸರು ಕೇಳಲಿಲ್ಲ

ಭಾನುವಾರ ಒಂದು ಛಾಯಾಗ್ರಹಣ ಶಿಬಿರಕ್ಕೆ ಹೋಗಿ ತಲೆ ಕೆಡಿಸಿಕೊಂಡು ಬಂದಿದ್ದೇನೆ. ನನ್ನ ಕ್ಯಾಮೆರಾ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಅದರ ಬಗ್ಗೆ ಹೆಂಡತಿಯ ಅಭಿಪ್ರಾಯವೂ ಗೊತ್ತಿದೆ.

ಪರದೆಯ ಮೇಲೆ ಅಮೆರಿಕದ ಛಾಯಾಗ್ರಾಹಕಿ ಡೊರೊತಿಯಾ ಲ್ಯಾಂಗ್ ತೆಗೆದ ‘ಮೈಗ್ರೆಂಟ್ ಮದರ್’ (ವಲಸೆ ತಾಯಿ) ಚಿತ್ರ ಬಂತು. 1936ರ ಕ್ಯಾಲಿಫೋರ್ನಿಯಾ. ಕೆನ್ನೆಗೆ ಕೈ ತಾಗಿಸಿ ಎಲ್ಲೋ ನೋಡುತ್ತಿರುವ ತಾಯಿ, ಅವಳ ಭುಜಗಳಲ್ಲಿ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು. ಬೋಧಕರು ಬೆಳಕಿನ ಬಗ್ಗೆ ಮಾತಾಡಿದರು, ಚೌಕಟ್ಟಿನ ಬಗ್ಗೆ ಮಾತಾಡಿದರು. ‘ಆಕೆಯ ಹೆಸರೇನು ಸಾರ್?’ ಎಂದೆ. ‘ಅದು ಮುಖ್ಯವಲ್ಲ, ಆಕೆ ಬಡತನದ ಪ್ರತೀಕ’ ಎಂದರು. ಪ್ರತೀಕವಂತೆ! ಪ್ರತೀಕಕ್ಕೆ ಹಸಿವಾಗುತ್ತದೆಯೇ?

ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಚೆರೊಕೀ ಮೂಲನಿವಾಸಿ ಹೆಂಗಸು, ಆಗ 32 ವರ್ಷ. ಈ ವಯಸ್ಸನ್ನು ಲ್ಯಾಂಗ್ ಕೇಳಿ ತಿಳಿದುಕೊಂಡರು, ಬರೆದೂ ಇಟ್ಟರು. ಹೆಸರನ್ನು ಮಾತ್ರ ಕೇಳಲಿಲ್ಲ. ಹಾಗೆಂದು 1960ರಲ್ಲಿ ಅವರೇ ಬರೆದುಕೊಂಡಿದ್ದಾರೆ.

ಲ್ಯಾಂಗ್ ಕಟುಕಿಯಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಏಳನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಬದುಕಿಡೀ ಕುಂಟಿದವರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಿರಿವಂತರ ಭಾವಚಿತ್ರ ತೆಗೆದುಕೊಂಡು ಹಾಯಾಗಿರಬಹುದಿತ್ತು. ಆರ್ಥಿಕ ಕುಸಿತದ ಕಾಲದಲ್ಲಿ ಬ್ರೆಡ್ಡಿಗಾಗಿ ಸಾಲು ನಿಂತವರನ್ನು ಕಂಡು ಬೀದಿಗಿಳಿದರು. 1935ರಿಂದ ಸರ್ಕಾರಿ ಯೋಜನೆಗಾಗಿ ಊರೂರು ಅಲೆದರು. 1942ರಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಯುದ್ಧಕಾಲದ ಬಂಧನ ಶಿಬಿರಗಳಿಗೆ ತಳ್ಳಿದಾಗ ಅವರು ತೆಗೆದ ಚಿತ್ರಗಳನ್ನು ಸೇನೆ ಅಡಗಿಸಿಟ್ಟಿತು, ಅಷ್ಟು ಚುಚ್ಚುತ್ತಿದ್ದವು. ಪತಿ ಪಾಲ್ ಟೇಲರ್ ಜೊತೆ ವಲಸೆ ಕೂಲಿಗಳ ಮಾತನ್ನು ಅವರಾಡಿದಂತೆಯೇ ಬರೆದುಕೊಂಡು 1939ರಲ್ಲಿ ಪುಸ್ತಕವನ್ನೂ ತಂದರು. ಅಂಥವರು, ರಸ್ತೆಬದಿಯ ಬಟಾಣಿ ಕೀಳುವವರ ಬಿಡಾರದ ಫಲಕ ನೋಡಿ 20 ಮೈಲಿ ಮುಂದೆ ಹೋಗಿ, ಮನಸ್ಸು ತಡೆಯದೆ ಹಿಂತಿರುಗಿದವರು, ಹೆಸರು ಕೇಳಲು ಮರೆತರು! ಎಷ್ಟು ಹೊತ್ತಿನ ಕೆಲಸ ಅದು? ಫೋಟೋದ ಮೂಲೆಯಲ್ಲಿದ್ದ ತಾಯಿಯ ಹೆಬ್ಬೆರಳು ಅಂದಗೆಡಿಸುತ್ತದೆಂದು ಮುಂದೆ ಅದನ್ನು ನೆಗೆಟಿವ್‌ನಲ್ಲಿ ಅಳಿಸಲು ಮಾತ್ರ ಪುರುಸೊತ್ತು ಸಿಕ್ಕಿತು.

ಆ ಚಿತ್ರಗಳಿಂದಲೇ ಅಲ್ಲವೇ ಬಿಡಾರಕ್ಕೆ 20,000 ಪೌಂಡ್ ಆಹಾರ ಬಂದದ್ದು ಎನ್ನುತ್ತೀರಿ. ಬಂತು, ಒಪ್ಪಿದೆ. ಅಷ್ಟರಲ್ಲಿ ಫ್ಲಾರೆನ್ಸ್ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ಕಾರು ಕೆಟ್ಟು ಅಲ್ಲಿ ತಂಗಿದ್ದವರು ಅವರು. ಟೈರುಗಳನ್ನು ಮಾರಿಕೊಂಡು ಊಟ ತಂದಿದ್ದರೆಂದು ಲ್ಯಾಂಗ್ ಬರೆದರು. ಮಾರಿಯೇ ಇಲ್ಲ ಎಂದರು ಮನೆಯವರು. ಕೂತು ನಾಲ್ಕು ಮಾತಾಡಿದ್ದರೆ ಈ ಗೋಜಲೇ ಇರುತ್ತಿರಲಿಲ್ಲ.

1978ರಲ್ಲಿ ಪತ್ರಿಕೆಯವರು ಹುಡುಕಿಕೊಂಡು ಹೋದಾಗ ಫ್ಲಾರೆನ್ಸ್, ಆ ಫೋಟೋ ತೆಗೆಯದಿದ್ದರೇ ಚೆನ್ನಾಗಿತ್ತು, ಅದರಿಂದ ಒಂದು ಕಾಸೂ ಬರಲಿಲ್ಲ ಎಂದರು. ಹೆಸರು ಕೇಳಲಿಲ್ಲ ಎಂಬುದನ್ನೂ ಮರೆತಿರಲಿಲ್ಲ. ನಲವತ್ತೆರಡು ವರ್ಷ!

ಇಷ್ಟು ಕೂಗಾಡುವವನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕಬ್ಬಿನ ಗದ್ದೆಯಲ್ಲಿ ತೆಗೆದ ನನ್ನ ಒಂದು ಚಿತ್ರಕ್ಕೆ ಬಹುಮಾನ ಬಂದದ್ದು ನೆನಪಿದೆಯಲ್ಲ, ನೀವೆಲ್ಲ ಇಲ್ಲಿಯೇ ಅಭಿನಂದಿಸಿದ್ದಿರಿ. ‘ಕಾಯಕ’ ಎಂದು ಹೆಸರಿಟ್ಟಿದ್ದೆ. ಶಿಬಿರದಿಂದ ಬಂದವನೇ ಅದನ್ನು ಹುಡುಕಿ ತೆಗೆದೆ. ಕ್ಯಾಮೆರಾ ಎಲ್ಲವನ್ನೂ ದಾಖಲಿಸಿದೆ: ದಿನಾಂಕ, ಬೆಳಗ್ಗೆ ಎಷ್ಟು ಗಂಟೆ, ಶಟರ್ ವೇಗ. ಕಬ್ಬಿನ ಹೊರೆ ಹೊತ್ತ ಆ ಅಕ್ಕ ಲೆನ್ಸಿನತ್ತ ನೋಡಿ ನಗುತ್ತಿದ್ದಾರೆ. ಅವರು ನನ್ನನ್ನು ‘ಯಾವೂರಪ್ಪ, ಹೆಸರೇನಪ್ಪ’ ಎಂದು ಕೇಳಿದ್ದರು. ನಾನು ಹೇಳಿದ್ದೆ.